ಕೂಲಿಮಠದಿಂದ ಆಯವ್ಯಯಕ್ಕೆ: ಕನ್ನಡ ನಾಡಿನ ಶಾಲಾ ದಾಖಲಾತಿ ಮತ್ತು ಸರ್ಕಾರದ ಬೊಕ್ಕಸ

1823ರ ಆಗಸ್ಟ್ ತಿಂಗಳಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಅವರು ತಮ್ಮ ಜಿಲ್ಲೆಯ ಶಾಲೆಗಳನ್ನು ಕುರಿತು ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿಯನ್ನು ಕಳುಹಿಸಿದರು. ಇಂದಿನ ಅನಂತಪುರದ ಸೀಮೆಯನ್ನೂ ಒಳಗೊಂಡಿದ್ದ ಆ ವಿಶಾಲ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಅವುಗಳಲ್ಲಿ ಕಲಿಯುತ್ತಿದ್ದವರು 6,641 ಮಂದಿ. ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು, ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಮತ್ತು ಒಂದೇ ಒಂದು ಇಂಗ್ಲಿಷಿನದು. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಲೆಕ್ಕ ಹಾಕಿದರೆ ಸಾವಿರ ಜನರಲ್ಲಿ ಏಳು ಮಂದಿ ಮಾತ್ರ ಶಾಲೆಯ ಮುಖ ಕಂಡಿದ್ದರು. ಒಂದೊಂದು ಶಾಲೆಯಲ್ಲಿ ಸರಾಸರಿ ಹನ್ನೆರಡು ಹದಿಮೂರು ಮಕ್ಕಳಿದ್ದರು.

ಸಾಹಿತ್ಯದ ವಿದ್ಯಾರ್ಥಿಗಳು ಈ ವರದಿಯನ್ನು ಅದರಲ್ಲಿರುವ ಪಠ್ಯಗಳ ಪಟ್ಟಿಗಾಗಿ ಬಲ್ಲರು. ಲಿಂಗಾಯತ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳ ಹೆಸರುಗಳಿವೆ. ಕಲೆಕ್ಟರರ ಗುಮಾಸ್ತರ ಕಿವಿಗೆ ಬಿದ್ದಂತೆ ಬರೆಯಲಾದ ಆ ಹೆಸರುಗಳನ್ನು ರೋಮನ್ ಲಿಪಿಯ ವಿಕೃತಿಯಿಂದ ಬಿಡಿಸಿ ಓದುವುದೇ ಒಂದು ಸೊಗಸಾದ ವಿನೋದ. ಆದರೆ ಅದೇ ವರದಿಯಲ್ಲಿ ಹೆಚ್ಚು ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಅದು ಹಣದ ಸಂಗತಿ. ಮರಳಿನ ಮೇಲೆ ಅಕ್ಷರ ತಿದ್ದುವ ಮಗುವಿಗೆ ತಿಂಗಳಿಗೆ ಕಾಲು ರೂಪಾಯಿ, ಕಾಗದದ ಮೇಲೆ ಬರೆಯುವ ಮತ್ತು ಮೇಲಿನ ಲೆಕ್ಕ ಕಲಿಯುವ ಮಗುವಿಗೆ ಅರ್ಧ ರೂಪಾಯಿ ಎಂಬುದು ಗುರುವಿಗೆ ಸಲ್ಲುತ್ತಿದ್ದ ಸಾಮಾನ್ಯ ದರವಾಗಿತ್ತು. ಕಾವ್ಯಾರ್ಥವನ್ನು ಹೇಳಿಸಿಕೊಳ್ಳುವ ಹಂತಕ್ಕೆ ಬಂದಾಗ ದರದ ನಿಯಮವೇ ಇರಲಿಲ್ಲ; ಶಿಷ್ಯನ ಮನೆಯ ಶಕ್ತಿಯೇ ಅಲ್ಲಿಯ ಮಿತಿ.

ಇಂಥ ಶಾಲೆಗಳಿಗೆ ಕನ್ನಡದಲ್ಲಿ ಸಂದಿದ್ದ ಹೆಸರು ‘ಕೂಲಿಮಠ’. ಈ ಹೆಸರಿನೊಳಗೇ ಅದರ ಆಯವ್ಯಯವಿದೆ. ಮಠದ ಅಯ್ಯಗಳು ಊರವರಿಂದ ಕೂಲಿ ಪಡೆದು ಕಲಿಸುವವರು. ಕೂಲಿ ಹಣದ ರೂಪದಲ್ಲಿಯೋ ಧಾನ್ಯದ ರೂಪದಲ್ಲಿಯೋ ಹಬ್ಬದ ದಿನದ ಕಾಣಿಕೆಯ ರೂಪದಲ್ಲಿಯೋ ಬರುತ್ತಿತ್ತು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದುದರಿಂದ ಒಬ್ಬನೇ ಗುರು ಹಲವು ಹಂತದ ಮಕ್ಕಳನ್ನು ನಿಭಾಯಿಸಬಲ್ಲವನಾಗಿದ್ದನು. ಈ ವ್ಯವಸ್ಥೆಯಲ್ಲಿ ಹೊಸದಾಗಿ ಸೇರುವ ಪ್ರತಿಯೊಂದು ಮಗುವೂ ಗುರುವಿಗೆ ಆದಾಯವೇ. ಹತ್ತು ಮಕ್ಕಳಿದ್ದ ಕಡೆ ಇಪ್ಪತ್ತಾದರೆ ಗುರುವಿನ ಗಳಿಕೆ ಇಮ್ಮಡಿಯಾಗುತ್ತಿತ್ತು. ಬೇರೆ ಯಾರ ಬೊಕ್ಕಸಕ್ಕೂ ಅದರಿಂದ ಭಾರವಿರಲಿಲ್ಲ. ಆದರೆ ಕೂಲಿ ಕೊಡಲಾರದ ಮನೆಯ ಮಗುವಿಗೆ ಅಲ್ಲಿ ಸ್ಥಳವೂ ಇರಲಿಲ್ಲ. ಯೂರೋಪಿನ ಬಟ್ಟೆ ಬಂದು ನೇಕಾರರ ಬದುಕು ಕೆಟ್ಟಿತೆಂದೂ, ಬಡತನದಿಂದಾಗಿ ಹಿಂದೆ ಶಾಲೆಗಳಿದ್ದ ಹಲವು ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲವೆಂದೂ ಕ್ಯಾಂಪ್‌ಬೆಲ್ ಬರೆದಿದ್ದಾರೆ. ಕಂಪನಿಯ ಅಧಿಕಾರಿಯೊಬ್ಬರು ಹೀಗೆ ಬರೆದುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಸಾವಿರಕ್ಕೆ ಏಳು ಎಂಬ ಅಂಕಿ ಕೂಲಿಮಠದ ಎಲ್ಲೆಯನ್ನೂ ತೋರಿಸುತ್ತದೆ. ಅದನ್ನು ಸುವರ್ಣಯುಗವೆಂದು ಕರೆಯುವವರು ಈ ಅಂಕಿಯನ್ನು ಮರೆಯುತ್ತಾರೆ.

ಈ ಬಗೆಯ ಜಿಲ್ಲಾ ವರದಿಗಳನ್ನೆಲ್ಲ ತರಿಸಿಕೊಂಡವರು ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ. ಪ್ರಾಂತದ 1,28,50,941 ಜನರಿಗೆ 12,498 ಶಾಲೆಗಳಿವೆಯೆಂದು ಲೆಕ್ಕ ಸಿಕ್ಕಿತು. 1826ರ ಮಾರ್ಚಿಯಲ್ಲಿ ಬರೆದ ಟಿಪ್ಪಣಿಯಲ್ಲಿ ಅವರು ಜಿಲ್ಲೆಗೂ ತಾಲ್ಲೂಕಿಗೂ ಸರ್ಕಾರದ ಶಾಲೆಗಳಿರಬೇಕೆಂದು ಸೂಚಿಸಿ, ತಾಲ್ಲೂಕು ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ 9 ರೂಪಾಯಿ ಗೊತ್ತುಮಾಡಿದರು. ಅದು ಕಡಿಮೆಯೆಂದು ಅವರಿಗೂ ಅನ್ನಿಸಿತ್ತು. ಆದರೆ ಅಷ್ಟೇ ಮೊತ್ತ ಮಕ್ಕಳಿಂದಲೂ ಬರುತ್ತದೆಯೆಂದು ಲೆಕ್ಕ ಹಾಕಿ, ಆಗ ಅವನ ಸ್ಥಿತಿ ಸ್ಕಾಟ್ಲೆಂಡಿನ ಹಳ್ಳಿಯ ಉಪಾಧ್ಯಾಯನಿಗಿಂತ ಮೇಲಾಗಿರುತ್ತದೆಂದು ಅವರು ಸಮಾಧಾನಪಟ್ಟರು. ಸ್ವತಃ ಸ್ಕಾಟರಾದ ಮನ್ರೋ ಅವರಿಗೆ ಆ ಹೋಲಿಕೆ ಸಹಜವಾಗಿಯೇ ಹೊಳೆದಿರಬೇಕು. ಸರ್ಕಾರ ಅರ್ಧ, ಮನೆ ಅರ್ಧ ಎಂಬ ಈ ಲೆಕ್ಕ ಕೂಲಿಮಠದ ತರ್ಕವನ್ನು ಪೂರ್ತಿ ಬಿಟ್ಟಿರಲಿಲ್ಲ. 1827ರಲ್ಲಿ ಮನ್ರೋ ಕಾಲರಾದಿಂದ ತೀರಿಕೊಂಡರು. 1836ರಲ್ಲಿ ಆ ಶಾಲೆಗಳನ್ನು ಕೈಬಿಡಲಾಯಿತು.

1854ರಲ್ಲಿ ವುಡ್ ಅವರ ಆಜ್ಞಾಪತ್ರ ಬಂದ ಮೇಲೆ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿಕೊಂಡವು. ಆಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಉಪಾಧ್ಯಾಯನಿಗೆ ಸರ್ಕಾರ ಸಂಬಳ ಕೊಡತೊಡಗಿದೊಡನೆ, ಹೊಸದಾಗಿ ಸೇರುವ ಮಗು ಆದಾಯದ ಕಡೆಯಿಂದ ಖರ್ಚಿನ ಕಡೆಗೆ ಜರುಗಿತು. ಮಕ್ಕಳು ಹೆಚ್ಚಿದಂತೆ ಉಪಾಧ್ಯಾಯರು ಹೆಚ್ಚಬೇಕು, ಉಪಾಧ್ಯಾಯರು ಹೆಚ್ಚಿದಂತೆ ಸಂಬಳ ಹೆಚ್ಚಬೇಕು. ಆ ಹಣ ಯಾರದು? ಮುಂಬಯಿ ಪ್ರಾಂತ ಇದಕ್ಕೆ ಕೊಟ್ಟ ಉತ್ತರ ರೈತನ ಕಡೆ ಬೆರಳು ತೋರಿಸಿತು. 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರವನ್ನು ಹೇರಿ, ಅದರ ಮೂರನೆಯ ಒಂದು ಪಾಲನ್ನು ಶಾಲೆಗಳಿಗೂ ಉಳಿದುದನ್ನು ರಸ್ತೆ ಮೊದಲಾದ ಕೆಲಸಗಳಿಗೂ ಮೀಸಲಿಡಲಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳಲ್ಲಿ ಆ ಕಾಲದಲ್ಲಿ ಕನ್ನಡ ಶಾಲೆಗಳು ಬೆಳೆದುದಕ್ಕೆ ಡೆಪ್ಯುಟಿ ಚನ್ನಬಸಪ್ಪನವರ ಹೋರಾಟವನ್ನು ಕಾರಣವಾಗಿ ಹೇಳುವುದು ರೂಢಿ. ಅದು ಸರಿಯೂ ಹೌದು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ತೆರೆಸಿದ, ಆ ಶಾಲೆಗಳಿಗೆ ಉಪಾಧ್ಯಾಯರನ್ನು ಸಿದ್ಧಗೊಳಿಸಿದ, ಬಿಡುವಿನಲ್ಲಿ ಶೇಕ್ಸ್‌ಪಿಯರನ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದ ಆ ಮಹನೀಯರ ಋಣ ದೊಡ್ಡದು. ಆದರೆ ಅವರು ತೆರೆಸಿದ ಶಾಲೆಗಳ ಬಾಗಿಲಿಗೆ ಕೀಲೆಣ್ಣೆಯಾದುದು ರೈತ ಕೊಟ್ಟ ಆ ಆಣೆಯ ಪಾಲು. ಪಟ್ಟಣದ ವರ್ತಕನೂ ಸರ್ಕಾರಿ ನೌಕರನೂ ಆ ಕರವನ್ನು ಕೊಡಬೇಕಾಗಿರಲಿಲ್ಲ.

ಈ ಅಸಮತೆಯನ್ನು ಸ್ಪಷ್ಟವಾಗಿ ಕಂಡವರು ಜೋತಿರಾವ್ ಫುಲೆ. 1882ರಲ್ಲಿ ಹಂಟರ್ ಆಯೋಗದ ಮುಂದೆ ಇಟ್ಟ ಮನವಿಯಲ್ಲಿ ಅವರು, ಸರ್ಕಾರದ ಹುಟ್ಟುವಳಿ ಬರುವುದು ರೈತನ ಬೆವರಿನಿಂದ, ಅದು ವೆಚ್ಚವಾಗುವುದು ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಎಂಬ ವಾದವನ್ನು ಮಂಡಿಸಿದರು. ಆಯವ್ಯಯ ಪಟ್ಟಿಯನ್ನು ಸಾಮಾಜಿಕ ಇತಿಹಾಸದ ಆಕರವಾಗಿ ಓದುವ ಕ್ರಮಕ್ಕೆ ಈ ಮನವಿಗಿಂತ ಉತ್ತಮವಾದ ಮಾದರಿ ಆ ಶತಮಾನದಲ್ಲಿ ದೊರೆಯುವುದು ಕಷ್ಟ.

ಮೈಸೂರು ಸಂಸ್ಥಾನವೂ ಸುಮಾರಾಗಿ ಇದೇ ದಾರಿಯನ್ನು ತುಳಿಯಿತು. 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು, 1868ರಲ್ಲಿ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಮುಂದಿಟ್ಟರು. ಅದರ ಖರ್ಚಿಗೆ ಭೂಕಂದಾಯದೊಡನೆ ವಸೂಲಾಗುತ್ತಿದ್ದ ಸ್ಥಳೀಯ ನಿಧಿಯೇ ಮುಖ್ಯ ಆಧಾರ. ಕನ್ನಡ ಸಂಶೋಧನೆಯ ಇತಿಹಾಸದಲ್ಲಿ ಈ ಯೋಜನೆಗೆ ಯಾರೂ ಎಣಿಸದ ಒಂದು ಫಲ ದೊರೆತಿದೆ. ಶಾಲೆಗಳ ತಪಾಸಣೆಗೆಂದು ಹಳ್ಳಿಹಳ್ಳಿ ಸುತ್ತುತ್ತಿದ್ದ ರೈಸ್ ಅವರಿಗೆ ದಾರಿಯುದ್ದಕ್ಕೂ ಶಾಸನಶಿಲೆಗಳು ಕಂಡವು. ಆ ಆಸಕ್ತಿ ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಾಗಿ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ನಾಗವರ್ಮನ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನ, ಪಂಪಭಾರತಗಳ ಮುದ್ರಣವಾಗಿ ಬೆಳೆಯಿತು. ಹೋಬಳಿ ಶಾಲೆಯ ಹಾಜರಿ ಪುಸ್ತಕವನ್ನು ನೋಡಲು ಹೋದ ಅಧಿಕಾರಿ ಪಂಪನನ್ನು ಅಚ್ಚಿಗೆ ತಂದುದು ಲೆಕ್ಕಪತ್ರದ ಯಾವ ಕಾಲಂನಲ್ಲಿಯೂ ಹಿಡಿಯದ ಸಂಗತಿ.

ಕರಾವಳಿ ಮದರಾಸಿನ ಆಳ್ವಿಕೆಗೆ ಸೇರಿತ್ತು. ಅಲ್ಲಿ ಬೊಕ್ಕಸವನ್ನು ಉಳಿಸುವ ಇನ್ನೊಂದು ಉಪಾಯ ಬಹುಕಾಲ ಜಾರಿಯಲ್ಲಿತ್ತು. 1862ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಫಲಿತಾಂಶಕ್ಕೆ ತಕ್ಕ ಅನುದಾನ’ ಪದ್ಧತಿಯನ್ನು ಅಲ್ಲಿನವರು ಬರಮಾಡಿಕೊಂಡಿದ್ದರು. ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸಿದಾಗ ತೇರ್ಗಡೆಯಾದ ತಲೆಗಳಿಗೆ ಮಾತ್ರ ಹಣ. ಮಕ್ಕಳು ಎಷ್ಟೇ ಸೇರಲಿ, ಸರ್ಕಾರದ ಹೊಣೆ ತೇರ್ಗಡೆಯಾದವರಿಗಷ್ಟೇ ಸೀಮಿತ. ಉಳಿದವರನ್ನು ಸಾಕುವ ಭಾರ ಉಪಾಧ್ಯಾಯನ ಮೇಲೆ. ಆ ಕಾಲದ ಉಪಾಧ್ಯಾಯನ ಬಾಳು ಹೇಗಿದ್ದೀತೆಂಬುದನ್ನು ಊಹಿಸಲು ಸಾಹಿತ್ಯದ ಓದುಗರಿಗೆ ದೂರ ಹೋಗಬೇಕಾಗಿಲ್ಲ. ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿ ಅಲ್ಪ ಸಂಬಳದಲ್ಲಿ ಸಂಸಾರ ತೂಗಿಸಿದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಂದರೆ ಮುದ್ದಣ, ಮೂವತ್ತೊಂದರ ಪ್ರಾಯದಲ್ಲಿ ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡರು. ‘ಶ್ರೀರಾಮಾಶ್ವಮೇಧ’ದ ಗಂಡಹೆಂಡಿರ ಸಂವಾದದಲ್ಲಿ ನಗೆಯ ಹಿಂದೆ ಇಣುಕುವ ಬಡತನ ಕವಿಸಮಯವಲ್ಲ.

ಶತಮಾನದ ತಿರುವಿನಲ್ಲಿ ಕಡ್ಡಾಯ ಶಿಕ್ಷಣದ ಮಾತು ಎದ್ದಿತು. ಬರೋಡೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿಯಲ್ಲಿ ಪ್ರಯೋಗ ನಡೆಸಿ 1906ರಲ್ಲಿ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದ್ದರು. ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಸಾಮ್ರಾಜ್ಯದ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆ ಅತ್ಯಂತ ಎಚ್ಚರಿಕೆಯದಾಗಿತ್ತು. ನಿರ್ದಿಷ್ಟ ಪ್ರಮಾಣದ ಬಾಲಕರು ಈಗಾಗಲೇ ಶಾಲೆಯಲ್ಲಿರುವ ಪ್ರದೇಶಕ್ಕೆ ಮಾತ್ರ ಕಡ್ಡಾಯ. ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದು. ಇಷ್ಟಾದರೂ 1912ರ ಮಾರ್ಚಿಯಲ್ಲಿ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಮಸೂದೆಯನ್ನು ಕೊಂದುದು ತತ್ತ್ವದ ವಿರೋಧಕ್ಕಿಂತ ಹೆಚ್ಚಾಗಿ ಖರ್ಚಿನ ಭಯ ಮತ್ತು ಕಡ್ಡಾಯವೆಂಬ ಮಾತಿನ ಭಯ. ಮರುವರ್ಷವೇ, 1913ರಲ್ಲಿ, ಮೈಸೂರು ತನ್ನ ಪ್ರಾಥಮಿಕ ಶಿಕ್ಷಣ ಶಾಸನವನ್ನು ಮಾಡಿ ಆಯ್ದ ಸ್ಥಳಗಳಲ್ಲಿ ಕಡ್ಡಾಯಕ್ಕೆ ದಾರಿಮಾಡಿತು.

ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ ಹತ್ತು ಸಾವಿರವನ್ನು ದಾಟಿದವು. ವಿದ್ಯಾರ್ಥಿಗಳು ಸುಮಾರು 1.4 ಲಕ್ಷದಿಂದ 3.66 ಲಕ್ಷಕ್ಕೆ ಏರಿದರು. ಒಂದು ತಲೆಮಾರಿನಲ್ಲಿ ಆಗಬೇಕಾದುದು ಆರೇ ವರ್ಷಗಳಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿ ಬೆಳೆಯಿತು. ಅದೇ ಅವಧಿಯಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ನಡೆದಿತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಆರಂಭವಾಗಿತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹಂಚಿಕೆ ಸಿದ್ಧವಾಗುತ್ತಿತ್ತು, ಹೊರಗೆ ಮಹಾಯುದ್ಧವಿತ್ತು. ಅವರ ಮೇಧಾಶಕ್ತಿಗೆ ಸಲ್ಲಬೇಕಾದ ಗೌರವ ಸಂದೇ ಇದೆ. ಆದರೆ ಅಂಕಿಗಳನ್ನು ಪೂಜಿಸುವ ಚರಿತ್ರೆ ಒಂದನ್ನು ಹೇಳದೆ ಬಿಡುತ್ತದೆ. ಅಣೆಕಟ್ಟು ಒಮ್ಮೆ ಮುಗಿಯುವ ಖರ್ಚು; ಶಾಲೆ ಹಾಗಲ್ಲ. ಶಾಲೆ ತೆರೆದ ದಿನದ ಖರ್ಚು ಚಿಕ್ಕದು, ಅದರ ಮರುದಿನದಿಂದ ಕೊನೆಯಿಲ್ಲದೆ ಬರುವ ಸಂಬಳದ ಖರ್ಚೇ ದೊಡ್ಡದು. 1920ರ ದಶಕದ ಆದಿಯಲ್ಲಿ ಸಂಸ್ಥಾನ ಮಿತವ್ಯಯಕ್ಕೆ ಇಳಿದಾಗ, ಬೆಳವಣಿಗೆಯ ವರ್ಷಗಳ ಈ ಶಾಶ್ವತ ಋಣವೂ ಅದರ ಕೊರಳಿಗಿತ್ತು.

ಇಷ್ಟು ಖರ್ಚಿಗೆ ಸಿಕ್ಕ ಫಲವೇನು ಎಂಬ ಪ್ರಶ್ನೆಗೆ ಬ್ರಿಟಿಷ್ ಭಾರತದ ಮಟ್ಟಿಗೆ 1929ರ ಹಾರ್ಟಾಗ್ ಸಮಿತಿ ಕಟುವಾದ ಉತ್ತರವನ್ನು ಕೊಟ್ಟಿತು. 1922-23ರಲ್ಲಿ ಒಂದನೆಯ ತರಗತಿಯಲ್ಲಿದ್ದ ನೂರು ಮಕ್ಕಳಿಗೆ 1925-26ರಲ್ಲಿ ನಾಲ್ಕನೆಯ ತರಗತಿಯಲ್ಲಿದ್ದವರು 18 ಮಂದಿ. ಉಳಿದವರು ನಡುವೆಯೇ ಬಿಟ್ಟರು, ಇಲ್ಲವೆ ಕೆಳಗಿನ ತರಗತಿಯಲ್ಲೇ ನಿಂತರು. ದಾಖಲಾತಿಯ ಪುಸ್ತಕದಲ್ಲಿ ಹೆಸರಿರುವುದಕ್ಕೂ ಕಲಿಯುವುದಕ್ಕೂ ಎಷ್ಟು ಅಂತರವೆಂಬುದು ಅಲ್ಲಿ ಬಯಲಾಯಿತು. ಸಮಿತಿ ಇದರಿಂದ ತೆಗೆದ ತೀರ್ಮಾನ, ವಿಸ್ತರಣೆಯನ್ನು ನಿಧಾನಿಸಿ ಇರುವುದನ್ನು ಗಟ್ಟಿಗೊಳಿಸಬೇಕೆಂಬುದು. ಹಣವಿಲ್ಲದ ಸರ್ಕಾರಗಳಿಗೆ ಅದು ಎಷ್ಟು ಅನುಕೂಲವಾದ ತೀರ್ಮಾನವೆಂಬುದನ್ನು ವಿವರಿಸಬೇಕಾಗಿಲ್ಲ. ಮಗು ಶಾಲೆ ಬಿಡುವುದು ಹೊಲದ ಕೆಲಸಕ್ಕಾಗಿ, ಬಡತನಕ್ಕಾಗಿ. ಶಾಲೆಗಳನ್ನು ಕಡಿಮೆ ಮಾಡಿದರೆ ಆ ಮಗು ಮರಳಿ ಬರುವುದಿಲ್ಲ.

ಮೈಸೂರಿನಲ್ಲಿ ಪ್ರಯೋಗ ಬೇರೆ ಬಗೆಯದಾಯಿತು. 1930ರ ಶಾಸನದಿಂದ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಮಂಡಲಿಗಳಿಗೆ ಒಪ್ಪಿಸಿ, ಅವು ವಿದ್ಯಾಕರವನ್ನು ಎತ್ತಿಕೊಳ್ಳಬಹುದೆಂದು ಹೇಳಲಾಯಿತು. ಕಾಲ ಅದಕ್ಕೆ ಒದಗಿಬರಲಿಲ್ಲ. ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ ಧಾನ್ಯದ ಬೆಲೆ ಕುಸಿದು, ಕಂದಾಯ ಕಟ್ಟುವುದೇ ರೈತನಿಗೆ ದುಸ್ತರವಾಗಿದ್ದ ವರ್ಷಗಳವು. ಕಂದಾಯಕ್ಕೆ ಅಂಟಿಕೊಂಡ ಕರ ಎಲ್ಲಿಂದ ಹೆಚ್ಚೀತು? ಮಕ್ಕಳ ಸಂಖ್ಯೆ ಮಳೆಬೆಳೆಗಳನ್ನು ಕೇಳಿ ಬೆಳೆಯುವುದಿಲ್ಲ. ಹತ್ತು ವರ್ಷಗಳ ಬಳಿಕ, 1941ರ ಕಾಯಿದೆಯಿಂದ, ಸರ್ಕಾರ ಪ್ರಾಥಮಿಕ ಶಿಕ್ಷಣವನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಶಾಲೆಯ ಖರ್ಚು ಊರಿನದೋ ರಾಜ್ಯದ್ದೋ ಎಂಬ ಪ್ರಶ್ನೆಗೆ ಮೈಸೂರಿನ ಮಟ್ಟಿಗೆ ಇದು ನಿರ್ಣಾಯಕ ಉತ್ತರ.

ಸ್ವಾತಂತ್ರ್ಯಾನಂತರ ಸಂವಿಧಾನದ 45ನೆಯ ವಿಧಿ, ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳಲ್ಲಿ ಉಚಿತ ಕಡ್ಡಾಯ ಶಿಕ್ಷಣವನ್ನು ಒದಗಿಸಲು ಯತ್ನಿಸಬೇಕೆಂದಿತು. ಬಿ. ಜಿ. ಖೇರ್ ಸಮಿತಿ ಕೇಂದ್ರ ತನ್ನ ಆದಾಯದ ಶೇ. 10ನ್ನೂ ರಾಜ್ಯಗಳು ಶೇ. 20ನ್ನೂ ಶಿಕ್ಷಣಕ್ಕೆ ಮೀಸಲಿಡಬೇಕೆಂದು ಸಲಹೆ ನೀಡಿತು. ಶಿಕ್ಷಣ ರಾಜ್ಯಗಳ ಪಟ್ಟಿಯಲ್ಲಿತ್ತು. ಬೆಳೆಯುವ ತೆರಿಗೆಗಳು ಬಹುಪಾಲು ಕೇಂದ್ರದ ಬಳಿಯಿದ್ದವು. 1956ರಲ್ಲಿ ಕನ್ನಡ ನಾಡು ಒಂದಾದಾಗ ಐದು ಆಡಳಿತಗಳ ಶಾಲೆಗಳು ಐದು ಬಗೆಯ ಹಣಕಾಸಿನ ಕ್ರಮಗಳೊಡನೆ ಬಂದು ಸೇರಿದವು. ಮುಂಬಯಿ ಭಾಗದಲ್ಲಿ ಜಿಲ್ಲಾ ಸ್ಕೂಲ್ ಬೋರ್ಡು, ದಕ್ಷಿಣ ಕನ್ನಡದಲ್ಲಿ ಅನುದಾನಿತ ಖಾಸಗಿ ಶಾಲೆಗಳ ದೊಡ್ಡ ಬಳಗ, ಹಳೆಯ ಮೈಸೂರಿನಲ್ಲಿ ಸರ್ಕಾರಿ ಶಾಲೆ, ಹೈದರಾಬಾದ್ ಭಾಗದಲ್ಲಿ ಶಾಲೆಗಳ ಕೊರತೆಯೇ ಮುಖ್ಯ ಲಕ್ಷಣ. ಇವನ್ನು ಒಂದೇ ಕಾಯಿದೆಯ ಕೆಳಗೆ ತಂದುದು 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ. ಆ ವರ್ಷದ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 25.4.

ಆ ಬಳಿಕದ ಹಣಕಾಸಿನ ಕಥೆ ‘ಯೋಜನಾ’ ಮತ್ತು ‘ಯೋಜನೇತರ’ ಎಂಬ ಎರಡು ಪದಗಳಲ್ಲಿ ಅಡಗಿದೆ. ಪಂಚವಾರ್ಷಿಕ ಯೋಜನೆಯ ಹಣದಲ್ಲಿ ಹೊಸ ಶಾಲೆ ತೆರೆಯಬಹುದು, ಹೊಸ ಹುದ್ದೆ ಸೃಷ್ಟಿಸಬಹುದು. ಯೋಜನೆಯ ಅವಧಿ ಮುಗಿದೊಡನೆ ಆ ಹುದ್ದೆಯ ಸಂಬಳ ಯೋಜನೇತರ ವೆಚ್ಚವಾಗಿ ರಾಜ್ಯದ ತಲೆಗೆ ಬರುತ್ತದೆ. ಶಾಲೆ ತೆರೆದ ಕೀರ್ತಿ ಯೋಜನೆಯದು, ಅದನ್ನು ನಡೆಸುವ ಹೊರೆ ಬೊಕ್ಕಸದ್ದು. 2017-18ರಲ್ಲಿ ಈ ವಿಂಗಡಣೆಯನ್ನೇ ಕೈಬಿಡುವವರೆಗೂ ಅದು ನಡೆಯಿತು. ರಾಜ್ಯಗಳ ಶಿಕ್ಷಣದ ಆಯವ್ಯಯದಲ್ಲಿ ಸಂಬಳವೇ ಸಿಂಹಪಾಲಾಗಿ, ಪುಸ್ತಕ, ಕಟ್ಟಡ, ಗ್ರಂಥಾಲಯಗಳಿಗೆ ಚೂರುಪಾರು ಉಳಿಯುವುದಕ್ಕೆ ಈ ಕ್ರಮ ಒಂದು ಮುಖ್ಯ ಕಾರಣ. ಸಂಬಳ ಹೆಚ್ಚೆಂದು ದೂರುವವರು ಮುದ್ದಣನನ್ನು ನೆನೆಯುವುದು ಒಳ್ಳೆಯದು. ಶಾಲಾ ಉಪಾಧ್ಯಾಯನ ಸಂಬಳ ಮರ್ಯಾದೆಯ ಬದುಕಿಗೆ ಸಾಲುವಂತಾದುದು ಇತ್ತೀಚಿನ ಬೆಳವಣಿಗೆ. ನೂರು ವರ್ಷಗಳ ಕಾಲ ವಿಸ್ತರಣೆಯ ಖರ್ಚಿನ ಒಂದು ಭಾಗವನ್ನು ಅವನು ತನ್ನ ಹೊಟ್ಟೆಯಿಂದಲೇ ಭರಿಸಿದ್ದನು.

2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ಬಿಸಿಯೂಟ ನೀಡಬೇಕೆಂದು ಆದೇಶಿಸಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿತು. ಹಾರ್ಟಾಗ್ ಸಮಿತಿ ಲೆಕ್ಕ ಹಾಕಿದ ಆ ಬಿಟ್ಟುಹೋದ ಮಕ್ಕಳನ್ನು ಉಳಿಸಿಕೊಳ್ಳಲು ಬೇಕಾದುದು ಅನ್ನವೆಂದು ಸರ್ಕಾರದ ಲೆಕ್ಕಪತ್ರ ಒಪ್ಪಿಕೊಂಡದ್ದು ಆಗ. ಸರ್ವ ಶಿಕ್ಷಾ ಅಭಿಯಾನದಲ್ಲಿ ಮೊದಲು ಶೇ. 85ರಷ್ಟು ಹೊಣೆ ಹೊತ್ತಿದ್ದ ಕೇಂದ್ರ ತನ್ನ ಪಾಲನ್ನು ಹಂತಹಂತವಾಗಿ ಶೇ. 60ಕ್ಕೆ ಇಳಿಸಿತು, ಇಳಿದಷ್ಟೂ ರಾಜ್ಯದ ಪಾಲು ಏರಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಯಾಯಿತು. ಅದರ 25ರ ಮೀಸಲಿನ ಮೂಲಕ ಖಾಸಗಿ ಶಾಲೆ ಸೇರಿದ ಮಕ್ಕಳ ಶುಲ್ಕವನ್ನು ಸರ್ಕಾರ ಕೊಡಬೇಕಾಯಿತು. ಸರ್ಕಾರಿ ಶಾಲೆಯ ಮಕ್ಕಳು ಹೊರಟುಹೋದರೂ ಶಾಲೆಯ ಖರ್ಚು ಹಿಂದೆಯೇ ಉಳಿಯಿತು. ಸಮೀಪದಲ್ಲಿ ಸರ್ಕಾರಿ ಶಾಲೆಯಿದ್ದರೆ ಆ ಸೌಲಭ್ಯವಿಲ್ಲವೆಂದು ಕರ್ನಾಟಕ ಮುಂದೆ ನಿಯಮವನ್ನು ತಿದ್ದಿಕೊಂಡುದಕ್ಕೆ ಹಿನ್ನೆಲೆ ಇದು.

ಹೀಗೆ ಇನ್ನೂರು ವರ್ಷಗಳ ಕೊನೆಗೆ ಲೆಕ್ಕ ತಿರುಗಿ ನಿಂತಿದೆ. ಅದೇ ಕಾಯಿದೆಯ ಪ್ರಕಾರ ಅರವತ್ತರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರಿರಬೇಕು. ರಾಜ್ಯದಲ್ಲಿ ಹತ್ತು ಮಕ್ಕಳೂ ಇಲ್ಲದ ಸರ್ಕಾರಿ ಶಾಲೆಗಳಿವೆ. ಅವನ್ನು ಪಕ್ಕದ ಊರಿನ ಶಾಲೆಯೊಡನೆ ವಿಲೀನಗೊಳಿಸಬೇಕೆಂದು ಹಣಕಾಸಿನ ಕಡೆಯಿಂದ ಸೂಚನೆ ಬಂದಾಗಲೆಲ್ಲ ಊರವರು ವಿರೋಧಿಸುತ್ತಾರೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರರು ಎಣಿಸಿದ ಶಾಲೆಗಳಲ್ಲಿ ಸರಾಸರಿ ಇದ್ದವರೂ ಹನ್ನೆರಡು ಹದಿಮೂರು ಮಕ್ಕಳೇ. ಅಂದು ಅಷ್ಟು ಮಕ್ಕಳ ಕಾಲು ರೂಪಾಯಿ, ಅರ್ಧ ರೂಪಾಯಿಗಳಲ್ಲಿ ಒಂದು ಮಠ ನಡೆಯುತ್ತಿತ್ತು, ಮತ್ತು ಊರಿನ ಉಳಿದ ಮಕ್ಕಳೆಲ್ಲ ಅದರ ಜಗಲಿಯಿಂದ ಹೊರಗಿದ್ದರು.